ಅಕ್ಷತೆ ಧೂಳಲ್ಲ: 16 ಎಂಎಂ ಪ್ರಿಂಟ್‌ನಿಂದ ಬ್ಲೂ-ರೇ ತನಕ ಏಳು ತಿಂಗಳು

ಮೊನ್ನೆ ಭಾನುವಾರ ರಾತ್ರಿ ನೂರನೇ ಡಿಸ್ಕ್ ಬರೆದು ಮುಗಿಸಿದೆ. 1976ರ ಒಂದು ಕಪ್ಪು ಬಿಳುಪು ಕನ್ನಡ ಸಿನಿಮಾ ಈಗ ಮನೆಯ ಟಿವಿಯಲ್ಲಿ ಹೈ ಡೆಫಿನಿಷನ್‌ನಲ್ಲಿ ಓಡುತ್ತದೆ. ಏಳು ತಿಂಗಳಲ್ಲಿ ಏನೇನು ಮಾಡಿದೆ, ಎಲ್ಲೆಲ್ಲಿ ತಪ್ಪಿದೆ, ಎಷ್ಟು ದುಡ್ಡು ಹೋಯಿತು ಅಂತ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡಿದ್ದೆ. ಇಂಥದೇ ಡಬ್ಬ ಅಟ್ಟದ ಮೇಲೆ ಇಟ್ಟುಕೊಂಡವರು ಇನ್ನೂ ಇದ್ದಾರೆ. ಅವರಿಗೆ ಬೇಕಾಗಬಹುದು ಅಂತ ಇಲ್ಲಿ ಹಾಕುತ್ತಿದ್ದೇನೆ.

ಸಿನಿಮಾದ ಹೆಸರನ್ನು ನಿರ್ಮಾಪಕರ ಮನೆಯವರೇ ಮೊದಲು ಹೇಳಬೇಕು, ಅದಕ್ಕೇ ನಾನು ಬರೆಯುವುದಿಲ್ಲ. ಹಕ್ಕು ಅವರದೇ. ನಮ್ಮಲ್ಲಿ ಸಿನಿಮಾಗೆ ಕಾಪಿರೈಟ್ 60 ವರ್ಷ, ಇದಕ್ಕೆ 2036ರ ತನಕ ಇದೆ. ನೆಗೆಟಿವ್ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ 'ಘಟಶ್ರಾದ್ಧ'ದ ಹೊಸ ಪ್ರತಿ ತೋರಿಸಿದರಲ್ಲ, ಅದಕ್ಕೆ ಪುಣೆಯ ಫಿಲಂ ಆರ್ಕೈವ್‌ನಲ್ಲಿ ಉಳಿದಿದ್ದ ಮೂಲ ನೆಗೆಟಿವ್ ಸಿಕ್ಕಿತ್ತು. ನಮಗೆ ಆ ಭಾಗ್ಯ ಇರಲಿಲ್ಲ. ಇದ್ದಿದ್ದು ಹಳ್ಳಿ ಕಡೆ ತೋರಿಸುವುದಕ್ಕೆ ಅಂತ ಥಿಯೇಟರಿನ 35 ಎಂಎಂ ಫಿಲಂನಿಂದ ಅಗಲ ಕಮ್ಮಿಯ 16 ಎಂಎಂಗೆ ಇಳಿಸಿ ಮಾಡಿಸಿದ್ದ ಒಂದೇ ಒಂದು ಪ್ರಿಂಟ್. ಮೂರು ರೀಲು, ಅರಸೀಕೆರೆಯ ಅವರ ಮನೆಯ ಅಟ್ಟದಲ್ಲಿ, ತಗಡಿನ ಟ್ರಂಕ್‌ನಲ್ಲಿ.

1. ಜೂನ್ ಮೊದಲ ವಾರ: ಡಬ್ಬ ತೆರೆದಿದ್ದು

ಮುಚ್ಚಳ ತೆಗೆದ ತಕ್ಷಣ ಮೂಗಿಗೆ ಹುಳಿ ವಾಸನೆ. ವಿನಿಗರ್ ಬಾಟಲಿ ತೆರೆದ ಹಾಗೆ. ಅಸಿಟೇಟ್ ಅನ್ನುವ ಪ್ಲಾಸ್ಟಿಕ್‌ನ ಹಳೇ ಫಿಲಂ ಕೊಳೆಯಲು ಶುರುವಾದರೆ ಬರುವ ವಾಸನೆ ಇದು. ಒಂದು ಸಲ ಶುರುವಾದರೆ ನಿಲ್ಲುವುದಿಲ್ಲ, ಬಿಸಿ ಮತ್ತು ತೇವ ಇದ್ದಷ್ಟೂ ಜೋರಾಗುತ್ತದೆ. ಮೂರನೇ ರೀಲಿನಲ್ಲಿ ಜಾಸ್ತಿ ಇತ್ತು. ಅದನ್ನು ಅವತ್ತೇ ಬೇರೆ ಡಬ್ಬಕ್ಕೆ ಹಾಕಿದೆ. ಒಂದರ ಆವಿ ಇನ್ನೊಂದಕ್ಕೂ ತಗಲುತ್ತದೆ.

ಮೊದಲು ಅಳತೆ. 16 ಎಂಎಂ ಪ್ರಿಂಟ್‌ನಲ್ಲಿ ಎರಡು ತೂತುಗಳ ನಡುವೆ 7.62 ಮಿಲಿಮೀಟರ್ ಇರಬೇಕು. ನೂರು ಫ್ರೇಮ್ ಎಣಿಸಿ ಸ್ಟೀಲ್ ಸ್ಕೇಲ್ ಮೇಲೆ ಇಟ್ಟರೆ 762 ಮಿಲಿಮೀಟರ್ ಬರಬೇಕು. ನನಗೆ ಬಂದಿದ್ದು 755.5. ಅಂದರೆ 0.85 ಶೇಕಡಾ ಕುಗ್ಗಿದೆ. ಇದನ್ನು ಹಲ್ಲಿನ ಚಕ್ರ ಇರುವ ಪ್ರೊಜೆಕ್ಟರ್‌ಗೆ ಹಾಕಿದರೆ ತೂತು ಹರಿಯುತ್ತದೆ. ನಿರ್ಮಾಪಕರ ಮನೆಯವರು "ಒಂದು ಸಲ ಗೋಡೆ ಮೇಲೆ ಓಡಿಸಿ ನೋಡೋಣ" ಅಂತ ಎಷ್ಟು ಕೇಳಿಕೊಂಡರೂ ನಾನು ಒಪ್ಪಲಿಲ್ಲ. ನೀವೂ ಒಪ್ಪಬೇಡಿ.

ಮೊದಲ ರೀಲಿನ ಶುರುವಿನಲ್ಲಿ ಸೆನ್ಸಾರ್ ಸರ್ಟಿಫಿಕೇಟ್ ಹಾಗೇ ಇತ್ತು. ಭೂತಗನ್ನಡಿ ಇಟ್ಟು ಓದಿದೆ: 35 ಎಂಎಂ ಪ್ರಿಂಟ್‌ನ ಉದ್ದ 3,069 ಮೀಟರ್. ಲೆಕ್ಕ ಹಾಕಿದರೆ 1,61,102 ಫ್ರೇಮ್, 112 ನಿಮಿಷಕ್ಕೆ ಸ್ವಲ್ಪ ಕಮ್ಮಿ. ಎಷ್ಟು ಇರಬೇಕಿತ್ತು ಅಂತ ಮೊದಲೇ ಗೊತ್ತಾಗಿದ್ದು ಮುಂದೆ ತುಂಬ ಉಪಯೋಗಕ್ಕೆ ಬಂತು.

2. ಜೂನ್ 14 – ಜುಲೈ 6: ಜಾಯಿಂಟ್, ತೂತು, ತೊಳೆಯುವುದು

ಟೂರಿಂಗ್ ಟಾಕೀಸ್‌ನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದ ಹಿರಿಯರೊಬ್ಬರು ನಮ್ಮ ಬಡಾವಣೆಯಲ್ಲೇ ಇದ್ದಾರೆ. ತುಂಡಾದ ಫಿಲಂಗೆ ಜಾಯಿಂಟ್ ಹಾಕುವುದನ್ನು ಅವರೇ ಕಲಿಸಿದರು. ಯಾವ ಬದಿ ಎಮಲ್ಷನ್ (ಚಿತ್ರ ಮೂಡಿರುವ ಲೇಪ) ಅಂತ ಗೊತ್ತಾಗದಿದ್ದರೆ ಫಿಲಂನ ಅಂಚನ್ನು ಒದ್ದೆ ತುಟಿಗೆ ತಾಗಿಸುವುದು, ಅಂಟಿಕೊಂಡ ಬದಿಯೇ ಎಮಲ್ಷನ್. ಅವರು ಅದನ್ನು ಕಣ್ಣು ಮುಚ್ಚಿಕೊಂಡೇ ಮಾಡುತ್ತಿದ್ದರು. ಅವರ ಬೆರಳಿನ ಚರ್ಮ ಫಿಲಂನ ಅಂಚಿಗೆ ಉಜ್ಜಿ ಉಜ್ಜಿ ಗಟ್ಟಿಯಾಗಿದೆ. ಬಟ್ಟೆಯ ಗ್ಲೌಸ್ ಹಾಕಿಕೊಂಡ ನನ್ನ ಬೆರಳಿಗೆ ಸಿಗದ ಹರಕು ಅವರ ಬೆರಳಿಗೆ ಸಿಗುತ್ತಿತ್ತು.

ಒಟ್ಟು 63 ಜಾಯಿಂಟ್ ಇದ್ದವು. ಅದರಲ್ಲಿ 20ಕ್ಕೂ ಜಾಸ್ತಿ ಮಾಮೂಲಿ ಸೆಲ್ಲೋ ಟೇಪ್ ಹಾಕಿದ್ದು. ಗೋಂದು ಹಳದಿಯಾಗಿ ಪಕ್ಕದ ಸುತ್ತಿಗೂ ಅಂಟಿಕೊಂಡಿತ್ತು. ಒಂದೊಂದನ್ನೂ ಬಿಡಿಸಿ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಫಿಲಂ ಜೋಡಿಸುವ ಹೊಸ ಸ್ಪ್ಲೈಸಿಂಗ್ ಟೇಪ್ ಹಾಕಿದೆ. ಒಂದು ಜಾಯಿಂಟ್‌ಗೆ ಸರಾಸರಿ ಹತ್ತು ನಿಮಿಷ.

ಇಲ್ಲಿ ಎರಡು ತಪ್ಪು ಮಾಡಿದೆ. ಒಂದು, ಮೊದಲ ದಿನ ಅವಸರದಲ್ಲಿ ತೂತುಗಳ ರಿಪೇರಿಗೆ ಮೊದಲೇ ತೊಳೆಯಲು ಹೋದೆ. ಬಟ್ಟೆಯ ಎಳೆ ಒಂದು ಹರಿದ ತೂತಿಗೆ ಸಿಕ್ಕಿಕೊಂಡು ನಾಲ್ಕು ಫ್ರೇಮ್ ಸೀಳಿತು. ಐವತ್ತು ವರ್ಷ ಇಲಿ, ಮಳೆ ಎಲ್ಲ ತಪ್ಪಿಸಿಕೊಂಡು ಬಂದಿದ್ದನ್ನು ನಾನು ಸೀಳಿದೆ ಅಂತ ಅವತ್ತು ಊಟ ಸೇರಲಿಲ್ಲ. ಮೊದಲು ರಿಪೇರಿ, ಆಮೇಲೆ ತೊಳೆಯುವುದು. ಈ ಕ್ರಮ ಬದಲಾಯಿಸಲೇಬೇಡಿ.

ಎರಡನೆಯದು, ಮಳೆಗಾಲದಲ್ಲಿ ತೊಳೆದಿದ್ದು. ಗಾಳಿಯಲ್ಲಿ ತೇವ ಇದ್ದಾಗ ಆಲ್ಕೊಹಾಲ್ ಆರುವುದು ನಿಧಾನ. ಎರಡನೇ ರೀಲಿನ ಸುಮಾರು 60 ಅಡಿಯನ್ನು ಪೂರ್ತಿ ಆರುವ ಮೊದಲೇ ಸುತ್ತಿಬಿಟ್ಟೆ. ಹನಿಹನಿಯಾಗಿ ಕಲೆ ಕೂತಿತು. ಇನ್ನೊಮ್ಮೆ ತೊಳೆದ ಮೇಲೆ ಮುಕ್ಕಾಲು ಹೋಯಿತು. ಉಳಿದಿದ್ದು ಒಂದು ಆಕಾಶದ ಶಾಟ್‌ನಲ್ಲಿ ಈಗಲೂ ಕಾಣುತ್ತದೆ. ಆಮೇಲಿಂದ ಫ್ಯಾನ್ ಕೆಳಗೆ ಇಪ್ಪತ್ತು ಅಡಿ ಇಪ್ಪತ್ತು ಅಡಿಯಾಗಿ ಒಣಗಿಸಿ ಸುತ್ತಿದೆ.

3. ಜುಲೈ – ಆಗಸ್ಟ್: ಎರಡು ಸಲ ಸ್ಕ್ಯಾನ್

ಮೊದಲ ಸ್ಕ್ಯಾನ್‌ಗೆ ಕೊಟ್ಟಿದ್ದು 22,000 ರೂಪಾಯಿ. ಆ ದುಡ್ಡು ನೀರಿಗೆ ಹೋಯಿತು. ಬಂದ ಫೈಲ್ 8 ಬಿಟ್ (ಬೂದು ಛಾಯೆಗಳು ಕಮ್ಮಿ), ಆಗಲೇ ಶಾರ್ಪ್ ಮಾಡಿದ್ದು, ಅಂಚಿನಲ್ಲಿ ಧ್ವನಿ ಅಚ್ಚಾಗಿರುವ ಸೌಂಡ್ ಪಟ್ಟಿ ಕತ್ತರಿಸಿ ಬಿಸಾಕಿದ್ದು. ಪ್ರಿಂಟ್‌ನಲ್ಲಿ ಮೊದಲೇ ಕಾಂಟ್ರಾಸ್ಟ್ ಜಾಸ್ತಿ ಇರುತ್ತದೆ. ಅದರ ಮೇಲೆ ಆಟೋ ಎಕ್ಸ್‌ಪೋಷರ್ ಹಾಕಿ ಬಿಳಿ ಪಂಚೆಗಳೆಲ್ಲ ಸುಣ್ಣದ ಗೋಡೆ ಆಗಿದ್ದವು, ಒಂದು ನಿರಿಗೆಯೂ ಉಳಿದಿರಲಿಲ್ಲ. ಲ್ಯಾಬ್‌ನವರ ಜೊತೆ ಜಗಳ ಆಡಲಿಲ್ಲ. ಏನು ಬೇಕು ಅಂತ ನಾನು ಬರೆದುಕೊಟ್ಟಿರಲಿಲ್ಲ, "ಎಚ್‌ಡಿ ಬೇಕು" ಅಂತ ಬಾಯಲ್ಲಿ ಹೇಳಿ ಬಂದಿದ್ದೆ.

ಎರಡನೇ ಸಲ ಬೇರೆ ಕಡೆ, ಚೆನ್ನೈಗೆ ನಾನೇ ರೈಲಿನಲ್ಲಿ ಡಬ್ಬ ಹೊತ್ತುಕೊಂಡು ಹೋದೆ. ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ಹಲ್ಲಿನ ಚಕ್ರ ಇಲ್ಲದ ಸ್ಕ್ಯಾನರ್, 2048 x 1536, 10 ಬಿಟ್ ಡಿಪಿಎಕ್ಸ್ (ಒಂದೊಂದು ಫ್ರೇಮ್‌ಗೂ ಒಂದು ಫೈಲ್), ತೂತು ಮತ್ತು ಸೌಂಡ್ ಪಟ್ಟಿ ಎರಡೂ ಚೌಕಟ್ಟಿನೊಳಗೆ, ಶಾರ್ಪನಿಂಗ್ ಬೇಡ, ಧೂಳು ತೆಗೆಯುವುದು ಬೇಡ, ಎಕ್ಸ್‌ಪೋಷರ್ ಒಂದೇ ಕಡೆ ಲಾಕ್. 31,000 ರೂಪಾಯಿ, ಓಡಾಟಕ್ಕೆ 3,600. ಒಂದು ಫ್ರೇಮ್ ಸುಮಾರು 12.6 ಎಂಬಿ, ಪೂರ್ತಿ ಸಿನಿಮಾ 2 ಟಿಬಿ. ಎರಡು 8 ಟಿಬಿ ಡಿಸ್ಕ್ ತೆಗೆದುಕೊಂಡೆ, 34,000. ಒಂದರಲ್ಲಿ ಕೆಲಸ, ಇನ್ನೊಂದು ಬರೀ ಕಾಪಿ.

ಫ್ರೇಮ್ ಎಣಿಸಿದರೆ 1,59,928. ಇರಬೇಕಾಗಿದ್ದಕ್ಕಿಂತ 1,174 ಕಮ್ಮಿ, ಅಂದರೆ 49 ಸೆಕೆಂಡ್. ಅದರಲ್ಲಿ 41 ಸೆಕೆಂಡ್ ಒಂದೇ ಕಡೆ ಹೋಗಿತ್ತು, ಒಂದು ಹಾಡಿನ ಎರಡನೇ ಚರಣ.

4. ಸೆಪ್ಟೆಂಬರ್ – ನವೆಂಬರ್: ಧೂಳು

ಏಳು ತಿಂಗಳಲ್ಲಿ ಮೂರು ತಿಂಗಳು ಇದಕ್ಕೇ ಹೋಯಿತು. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಮಾಡಿದ್ದು ಸುಲಭದ ದಾರಿ. ಅವಿಸಿಂತ್ ಅನ್ನುವ ವಿಡಿಯೋ ತಂತ್ರಾಂಶದಲ್ಲಿ ರಿಮೂವ್‌ಡರ್ಟ್ ಅನ್ನುವ ಧೂಳು ತೆಗೆಯುವ ಫಿಲ್ಟರ್ ಹಾಕಿ ರಾತ್ರಿ ಓಡಲು ಬಿಟ್ಟು ಮಲಗಿದೆ. ಅದರ ಕೆಲಸ ಹೀಗೆ: ಹಿಂದಿನ ಫ್ರೇಮ್, ಮುಂದಿನ ಫ್ರೇಮ್ ನೋಡುತ್ತದೆ, ಎರಡರಲ್ಲೂ ಇಲ್ಲದ್ದು ನಡುವಿನ ಫ್ರೇಮ್‌ನಲ್ಲಿ ಇದ್ದರೆ ಅದು ಧೂಳು ಅಂತ ಅಳಿಸುತ್ತದೆ. ಬೆಳಿಗ್ಗೆ ನೋಡಿದರೆ ಚಿತ್ರ ಕನ್ನಡಿ ಹಾಗಿತ್ತು. ಮನೆಯವರಿಗೆ ಒಂದು ತುಣುಕು ಕಳಿಸಿದೆ, ಎಲ್ಲರಿಗೂ ಖುಷಿ.

ಮದುವೆ ದೃಶ್ಯಕ್ಕೆ ಬಂದಾಗ ಏನೋ ಸರಿಯಿಲ್ಲ ಅನ್ನಿಸಿತು. ಗಟ್ಟಿಮೇಳ ಬಾರಿಸುತ್ತಿದೆ, ಎಲ್ಲರ ಕೈ ಮೇಲೆ ಹೋಗುತ್ತಿದೆ, ಆದರೆ ಗಾಳಿಯಲ್ಲಿ ಏನೂ ಇಲ್ಲ. ಅಕ್ಷತೆ ಮಾಯ! ಒಂದೊಂದು ಕಾಳು ಒಂದು ಜಾಗದಲ್ಲಿ ಒಂದೇ ಫ್ರೇಮ್ ಇರುತ್ತದೆ ಅಲ್ವಾ, ಸಾಫ್ಟ್‌ವೇರ್ ಅದನ್ನೆಲ್ಲ ಧೂಳು ಅಂತ ಗುಡಿಸಿ ಹಾಕಿತ್ತು. ಹಿಂದೆ ಹೋಗಿ ನೋಡಿದರೆ ನಾಯಕಿಯ ಮೂಗುಬೊಟ್ಟು. ಆಕೆ ತಲೆ ತಿರುಗಿಸುವಾಗ ಬೇಸರಿಯ ಹರಳು ಒಂದೇ ಒಂದು ಫ್ರೇಮ್ ಫಳ್ ಅನ್ನುತ್ತದೆ. ಕ್ಯಾಮೆರಾಮನ್ ಆ ಮಿಂಚಿಗಾಗಿಯೇ ಪಕ್ಕದಿಂದ ಒಂದು ಸಣ್ಣ ದೀಪ ಇಟ್ಟಿದ್ದಾರೆ, ಕಣ್ಣಿನಲ್ಲೂ ಅದರ ಚುಕ್ಕೆ ಕಾಣುತ್ತದೆ. ಮೂಗುಬೊಟ್ಟು ಇತ್ತು, ಹೊಳಪು ಹೋಗಿತ್ತು. ಎರಡು ವಾರದ ಕೆಲಸ ಅಳಿಸಿ ಮತ್ತೆ ಶುರು ಮಾಡಿದೆ.

ಆಗ ಪ್ರಿಂಟನ್ನೇ ಮತ್ತೆ ಸರಿಯಾಗಿ ನೋಡಿದೆ. ಪ್ರಿಂಟ್ ಮೇಲೆ ಕೂತ ಕೊಳೆ ಬೆಳಕನ್ನು ತಡೆಯುತ್ತದೆ, ಅದು ಕಪ್ಪು ಚುಕ್ಕೆ. ಹಿಂದೆ ನೆಗೆಟಿವ್ ಮೇಲೆ ಇದ್ದ ಧೂಳು ಅಚ್ಚಾಗಿ ಬಂದಿದ್ದರೆ ಅದು ಬಿಳಿ ಚುಕ್ಕೆ. ನಮ್ಮ ಪ್ರಿಂಟ್‌ನಲ್ಲಿ ಹತ್ತರಲ್ಲಿ ಎಂಟು ಕಪ್ಪು. ಹಾಗಾದರೆ ಕಪ್ಪನ್ನು ಮಾತ್ರ ಯಂತ್ರಕ್ಕೆ ಬಿಟ್ಟು, ಬಿಳಿಯನ್ನು ನಾನೇ ನೋಡಿಕೊಂಡರೆ? ಒಂದೇ ಸಾಲು ಸಾಕಾಯಿತು. ಮೂಲ ಚಿತ್ರ ಮತ್ತು ರಿಮೂವ್‌ಡರ್ಟ್ ತೊಳೆದ ಚಿತ್ರ ಎರಡನ್ನೂ ಎರಡು ಚಿತ್ರ ಹೋಲಿಸುವ ಎಂಟಿ ಲಾಜಿಕ್ ಫಿಲ್ಟರ್‌ಗೆ ಕೊಟ್ಟು 'ಮ್ಯಾಕ್ಸ್' ಅಂತ ಹಾಕಿದೆ. ಪ್ರತಿ ಪಿಕ್ಸೆಲ್‌ನಲ್ಲೂ ಎರಡರಲ್ಲಿ ಬೆಳ್ಳಗಿರುವುದು ಉಳಿಯುತ್ತದೆ. ಕಪ್ಪು ಚುಕ್ಕೆ ಹೋಗುತ್ತದೆ. ಅಕ್ಷತೆ, ಮೂಗುಬೊಟ್ಟು, ಮಳೆಹನಿ ಎಲ್ಲ ಹಾಗೇ ಇರುತ್ತವೆ. ಈ ಲೇಖನದಲ್ಲಿ ಒಂದೇ ವಿಷಯ ತೆಗೆದುಕೊಂಡು ಹೋಗುವುದಾದರೆ ಇದನ್ನು ತೆಗೆದುಕೊಳ್ಳಿ.

ಅದರಲ್ಲೂ ಒಂದು ಏಟು ಬಿತ್ತು. ಮೂರನೇ ರೀಲಿನಲ್ಲಿ ತಿಥಿಯ ದೃಶ್ಯ ಇದೆ. ಮಗ ಎಡೆ ಇಟ್ಟು ದೂರ ನಿಂತಿದ್ದಾನೆ, ಕಾಗೆ ಬರುತ್ತಾ ಇಲ್ಲವಾ ಅಂತ ಎಲ್ಲರೂ ಕಾಯುತ್ತಿದ್ದಾರೆ. ಇಡೀ ಕತೆ ಬಂದು ನಿಲ್ಲುವುದು ಆ ಕಾಗೆಯ ಮೇಲೆ. ನನ್ನ ಪ್ರತಿಯಲ್ಲಿ ಹಾರಿ ಬರುವಾಗ ಕಾಗೆಗೆ ರೆಕ್ಕೆಯೇ ಇಲ್ಲ, ಬೂದು ಹೊಗೆಯ ಉಂಡೆ ಬಂದು ಎಲೆಯ ಪಕ್ಕ ಕೂತು ಕಾಗೆ ಆಗುತ್ತದೆ. ಕಪ್ಪು, ವೇಗ ಜಾಸ್ತಿ, ಒಂದೊಂದು ಫ್ರೇಮ್‌ಗೂ ಬೇರೆ ಜಾಗ: ಕಪ್ಪು ಧೂಳಿನ ಎಲ್ಲ ಲಕ್ಷಣವೂ ಇತ್ತು. ಆ ಶಾಟ್ 214 ಫ್ರೇಮ್. ಅಷ್ಟನ್ನೂ ಆಟೋ ಕೆಲಸದಿಂದ ಹೊರಗೆ ತೆಗೆದು, ಗಿಂಪ್ ಅನ್ನುವ ಫೋಟೋ ತಿದ್ದುವ ತಂತ್ರಾಂಶದಲ್ಲಿ ಕೈಯಿಂದ ಒಂದೊಂದೇ ಚುಕ್ಕೆ ಮುಚ್ಚಿದೆ. ಐದು ರಾತ್ರಿ ಹಿಡಿಯಿತು.

ಆಮೇಲೆ ಇಡೀ ಸಿನಿಮಾ ಶಾಟ್ ಶಾಟ್ ಆಗಿ ಪಟ್ಟಿ ಮಾಡಿದೆ. ಹಕ್ಕಿ, ತೂರುವ ರಾಗಿ, ಕುಣಿಯುವ ಗೆಜ್ಜೆ, ಬೀಸುವ ಪಂಜು ಇರುವ ಶಾಟ್‌ಗಳಿಗೆ ಆಟೋ ಬಂದ್. ಕೈಯಿಂದ ಸರಿ ಮಾಡಿದ್ದು ಒಟ್ಟು 2,340 ಫ್ರೇಮ್. ಬಿಳಿ ಚುಕ್ಕೆಗಳಲ್ಲಿ ಮುಖದ ಮೇಲೆ ಬಂದಿದ್ದನ್ನು, ಕಣ್ಣಿಗೆ ಹೊಡೆಯುವುದನ್ನು ಮಾತ್ರ ತೆಗೆದೆ. ಉಳಿದಿದ್ದು ಉಳಿದಿದೆ. ಗೀರುಗಳೂ ಹಾಗೇ. ಬೇಸ್ (ಲೇಪ ಇಲ್ಲದ ಹಿಂಬದಿ) ಕಡೆಯ ಸಣ್ಣ ಕಪ್ಪು ಗೀರು ಬಹಳಷ್ಟು ಹೋದವು. ಎಮಲ್ಷನ್ ಕಿತ್ತು ಬಂದ ಬಿಳಿ ಗೀರಿನ ಕೆಳಗೆ ಚಿತ್ರವೇ ಇರುವುದಿಲ್ಲ, ಅದನ್ನು ಅಂದಾಜಿನಲ್ಲಿ ತುಂಬಲು ಮನಸ್ಸು ಬರಲಿಲ್ಲ.

ಗ್ರೇನ್, ಅಂದರೆ ಫಿಲಂನಲ್ಲಿ ಮರಳಿನ ಹಾಗೆ ಕಾಣುವ ಕಣಗಳ ವಿಷಯ. ಅದನ್ನು ತೆಗೆಯಲು ಒಂದು ಎಐ ತಂತ್ರಾಂಶ ಹಾಕಿ ನೋಡಿದೆ. ಫೋನಿನಲ್ಲಿ ಚೆನ್ನಾಗಿ ಕಂಡಿತು. 43 ಇಂಚಿನ ಟಿವಿಯಲ್ಲಿ ಹಾಕಿದರೆ ಅಜ್ಜಿ ಪಾತ್ರದ ಮುಖದ ಸುಕ್ಕೆಲ್ಲ ಮೇಣದ ಹಾಗೆ ಕರಗಿತ್ತು. ಅದಕ್ಕಿಂತ ಕೆಟ್ಟದ್ದು ಅಕ್ಷರ. ಟೈಟಲ್ ಕಾರ್ಡ್‌ನಲ್ಲಿ ಕಲಾವಿದರೊಬ್ಬರು ಕುಂಚದಲ್ಲಿ ಬರೆದ ಕನ್ನಡ ಅಕ್ಷರಗಳಿವೆ. ತಂತ್ರಾಂಶಕ್ಕೆ ಕನ್ನಡ ಬರುವುದಿಲ್ಲ, 'ಳ' ಮತ್ತು 'ಣ'ಗಳನ್ನು ಯಾವ ಭಾಷೆಯೂ ಅಲ್ಲದ ಸುರುಳಿ ಮಾಡಿಟ್ಟಿತ್ತು. ಬಸ್ಸಿನ ಬೋರ್ಡೂ ಹಾಗೇ ಆಗಿತ್ತು. ಅದನ್ನು ಪೂರ್ತಿ ಕೈಬಿಟ್ಟೆ. ಗ್ರೇನ್ ಇದ್ದ ಹಾಗೇ ಇದೆ. ಫಿಲಂ ಅಂದರೆ ಅದೇ ಅಲ್ವಾ.

5. ನವೆಂಬರ್ – ಡಿಸೆಂಬರ್: ಧ್ವನಿ

16 ಎಂಎಂ ಫಿಲಂ ಸೆಕೆಂಡಿಗೆ 7.2 ಇಂಚು ಮಾತ್ರ ಓಡುತ್ತದೆ, 35 ಎಂಎಂ ಆದರೆ 18 ಇಂಚು. ಅದಕ್ಕೇ ಮೇಲಿನ ಸ್ವರಗಳು ಮೊದಲೇ ಮಂಕು. ಸ್ಕ್ಯಾನ್‌ನಲ್ಲೇ ಸೌಂಡ್ ಪಟ್ಟಿ ಇದ್ದಿದ್ದರಿಂದ ಎಇಓ-ಲೈಟ್ ಅನ್ನುವ ಉಚಿತ ತಂತ್ರಾಂಶದಲ್ಲಿ ಚಿತ್ರದಿಂದಲೇ ಧ್ವನಿ ತೆಗೆದೆ. ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದವರು ಮಾಡಿದ್ದು. ಚೆನ್ನಾಗಿ ಬಂತು.

ಮೊದಲ ತಪ್ಪು: ಎಡಿಟಿಂಗ್ ಟೈಮ್‌ಲೈನ್ ಸೆಕೆಂಡಿಗೆ 23.976 ಫ್ರೇಮ್‌ಗೆ ಇಟ್ಟಿದ್ದೆ, ಧ್ವನಿ 24ರಲ್ಲಿತ್ತು. ಮೊದಲ ರೀಲ್ ಮುಗಿಯುವಷ್ಟರಲ್ಲಿ ಎರಡೂವರೆ ಸೆಕೆಂಡ್ ವ್ಯತ್ಯಾಸ. ಫಿಲಂನಲ್ಲೇ ಏನೋ ತೊಂದರೆ ಅಂತ ಮೂರು ದಿನ ಹುಡುಕಿದೆ. ಬ್ಲೂ-ರೇಯಲ್ಲಿ ಸರಿಯಾಗಿ 24 ಇಡಬಹುದು. ಎಲ್ಲ ಕಡೆ 24 ಮಾಡಿದೆ, ಮುಗಿಯಿತು.

ಎರಡನೆಯದು ಜಾಯಿಂಟ್‌ಗಳದು. 16 ಎಂಎಂನಲ್ಲಿ ಒಂದು ಫ್ರೇಮ್‌ನ ಧ್ವನಿ 26 ಫ್ರೇಮ್ ಮುಂದೆ ಅಚ್ಚಾಗಿರುತ್ತದೆ. ಹಾಗಾಗಿ ಒಂದು ಕಡೆ ಫಿಲಂ ಕತ್ತರಿಸಿದ್ದರೆ, ಚಿತ್ರ ಹಾರಿದ ಒಂದು ಸೆಕೆಂಡಿನ ಮೇಲೆ ಧ್ವನಿ ಹಾರುತ್ತದೆ. ಆ ಒಂದು ಸೆಕೆಂಡ್ ಪೂರ್ತಿ ತುಟಿಗೂ ಮಾತಿಗೂ ಹೊಂದುವುದಿಲ್ಲ. 63 ಜಾಯಿಂಟ್ ಒಂದೊಂದನ್ನೂ ಕಿವಿಯಲ್ಲಿ ಕೇಳಿ ಸರಿಮಾಡಬೇಕಾಯಿತು.

ಹಾಡಿನ ಕಳೆದುಹೋದ 41 ಸೆಕೆಂಡ್ ಒಂದು ವಿಎಚ್‌ಎಸ್ ಟೇಪ್‌ನಲ್ಲಿ ಸಿಕ್ಕಿತು. 90ರ ದಶಕದಲ್ಲಿ ದೂರದರ್ಶನದಲ್ಲಿ ಬಂದಾಗ ನಿರ್ಮಾಪಕರ ತಂಗಿ ಮನೆಯವರು ರೆಕಾರ್ಡ್ ಮಾಡಿಕೊಂಡಿದ್ದು. ಸೇರಿಸಿ ಕೇಳಿದರೆ ಎರಡನೇ ಚರಣದಲ್ಲಿ ಗಾಯಕಿ ಬೇರೆಯವರು ಅನ್ನಿಸುವಷ್ಟು ವ್ಯತ್ಯಾಸ. ಹಾರ್ಮೋನಿಯಂ ತಂದು ಹಿಡಿದು ನೋಡಿದೆ, ಶ್ರುತಿ ಹೆಚ್ಚುಕಮ್ಮಿ ಅರ್ಧ ಮನೆ ಏರಿತ್ತು. ಕಾರಣ ಸರಳ. ನಮ್ಮ ಟಿವಿ ಸೆಕೆಂಡಿಗೆ 25 ಫ್ರೇಮ್, ಸಿನಿಮಾ 24. ಟಿವಿಯಲ್ಲಿ ಹಾಕುವಾಗ ನಾಲ್ಕು ಶೇಕಡಾ ಜೋರಾಗಿ ಓಡಿಸಿದ್ದಾರೆ. ಧ್ವನಿಯನ್ನು 96 ಶೇಕಡಾ ವೇಗಕ್ಕೆ ಇಳಿಸಿದ ಮೇಲೆ ಗಾಯಕಿ ಅವರೇ ಆದರು. ಚಿತ್ರವೂ ಅದೇ ಟೇಪ್‌ನಿಂದ. ಕಣ್ಣಿಗೆ ಎದ್ದು ಕಾಣುತ್ತದೆ, ಮಂಕು. ಮುಚ್ಚಿಡಲು ಹೋಗಲಿಲ್ಲ. ಚರಣ ಇಲ್ಲದ ಹಾಡಿಗಿಂತ ಮಂಕು ಚರಣ ವಾಸಿ.

ಗೊರಗೊರ ತೆಗೆಯುವಾಗ ಮೊದಲು 12 ಡೆಸಿಬೆಲ್ ಹಾಕಿ ರಾತ್ರಿ ದೃಶ್ಯದ ಜೀರುಂಡೆಗಳನ್ನೆಲ್ಲ ಕೊಂದುಬಿಟ್ಟೆ. 5ಕ್ಕೆ ಇಳಿಸಿದೆ. 50 ಹರ್ಟ್ಸ್ ಗುಂಯ್ ಶಬ್ದಕ್ಕೆ ಮಾತ್ರ ಪೂರ್ತಿ ಕತ್ತರಿ.

6. ಡಿಸೆಂಬರ್ ಕೊನೆ – ಜನವರಿ: ಡಿಸ್ಕ್

1480 x 1080 ಚಿತ್ರ, ಎರಡು ಬದಿಗೆ 220 ಪಿಕ್ಸೆಲ್ ಕಪ್ಪು. ಟಿವಿ ತುಂಬ ಬರಲಿ ಅಂತ ಮೇಲೆ ಕೆಳಗೆ ಕತ್ತರಿಸಿ ಅಂತ ಕೇಳಿದವರಿದ್ದಾರೆ. ಹಾಗೆ ಮಾಡಿದರೆ ಹಸೆಮಣೆಯ ಮೇಲೆ ಕೂತವರ ತಲೆಯ ಬಾಸಿಂಗ ಹೋಗುತ್ತದೆ ಅಂತ ಒಂದು ಫ್ರೇಮ್ ತೋರಿಸಿದೆ, ಸುಮ್ಮನಾದರು. 25 ಜಿಬಿ ಡಿಸ್ಕ್‌ಗೆ ವಿಡಿಯೋ ಕುಗ್ಗಿಸುವ ಎಕ್ಸ್264 ತಂತ್ರಾಂಶದಲ್ಲಿ ಸೆಕೆಂಡಿಗೆ ಸರಾಸರಿ 26 ಮೆಗಾಬಿಟ್, ಬ್ಲೂ-ರೇ ಕಂಪ್ಯಾಟ್ ಆನ್, ಗ್ರೇನ್ ಉಳಿಯಲು ಟ್ಯೂನ್ ಗ್ರೇನ್. ಧ್ವನಿ ಪಿಸಿಎಂ, ಅಂದರೆ ಕುಗ್ಗಿಸದ್ದು.

ಸಬ್‌ಟೈಟಲ್‌ನಲ್ಲಿ ಒಂದು ವಾರ ಹೋಯಿತು. ಕಿವಿ ಕೇಳದ ಹಿರಿಯರಿಗೆ ಕನ್ನಡದಲ್ಲೇ ಬೇಕಿತ್ತು. ಬ್ಲೂ-ರೇ ಸಬ್‌ಟೈಟಲ್ ಅಂದರೆ ಅಕ್ಷರ ಅಲ್ಲ, ಚಿತ್ರ. ಚಿತ್ರ ಮಾಡುವ ತಂತ್ರಾಂಶಕ್ಕೆ ಒತ್ತಕ್ಷರ ಬರಬೇಕು. ಮೊದಲನೆಯದರಲ್ಲಿ 'ಸ್ತ್ರೀ' ಮೂರು ತುಂಡಾಗಿ ಬಂತು. ಒತ್ತಕ್ಷರ ಜೋಡಿಸಲು ಹಾರ್ಫ್‌ಬಜ್ ಬಳಸುವ ಲಿಬ್‌ಆಸ್ ತಂತ್ರಾಂಶದಲ್ಲಿ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದ ಮೇಲೆ ಸರಿಯಾಯಿತು.

ಕಾರ್ಖಾನೆಯಲ್ಲಿ ಅಚ್ಚು ಹಾಕಿಸಬೇಕಾದರೆ ಎಎಸಿಎಸ್ (ಬ್ಲೂ-ರೇ ನಕಲು ತಡೆಯುವ ವ್ಯವಸ್ಥೆ) ಲೈಸನ್ಸ್ ಕಡ್ಡಾಯ, ನೂರು ಡಿಸ್ಕ್‌ಗೆ ಅದು ಗಿಟ್ಟುವುದಿಲ್ಲ. ಬಿಡಿ-ಆರ್‌ಗೆ, ಅಂದರೆ ಮನೆಯಲ್ಲೇ ಬರೆಯಬಹುದಾದ ಖಾಲಿ ಬ್ಲೂ-ರೇಗೆ, ನಾನೇ ಬರೆದೆ. ರೈಟರ್ 9,800, 130 ಖಾಲಿ ಡಿಸ್ಕ್ 20,800. ಶುರುವಿನ 11 ಹಾಳಾದವು, ವೇಗ ಇಳಿಸಿ ಬರೆದ ಮೇಲೆ ಒಂದೂ ಹಾಳಾಗಲಿಲ್ಲ. ಸ್ಪ್ಲೈಸರ್ ಸೆಕೆಂಡ್ ಹ್ಯಾಂಡ್ 5,200, ಟೇಪ್ 2,800, ಆಲ್ಕೊಹಾಲ್, ಬಟ್ಟೆ, ಗ್ಲೌಸ್ 1,900, ಕವರ್ ಪ್ರಿಂಟಿಂಗ್ 7,500. ಎಲ್ಲ ಸೇರಿ 1,38,600 ರೂಪಾಯಿ. ಮನೆಯವರು ಕೊಟ್ಟರು, ಹಾಳು ಮಾಡಿದ ಮೊದಲ ಸ್ಕ್ಯಾನ್‌ನ 22,000 ಮಾತ್ರ ನನ್ನ ಕೈಯಿಂದ ಹಾಕಿದೆ.

7. ಈಗ ಎಲ್ಲಿದೆ

ಪ್ರಿಂಟನ್ನು ಬಿಸಾಕಿಲ್ಲ. ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಗಳಲ್ಲಿ, ಅಟ್ಟದಿಂದ ಇಳಿಸಿ, ಮನೆಯ ತಂಪಾದ ಕೋಣೆಯ ಬೀರುವಿನಲ್ಲಿ ಇಡಿಸಿದ್ದೇನೆ. ಮೂರನೇ ರೀಲು ಬೇರೆ ಕೋಣೆಯಲ್ಲಿ. ಡಿಪಿಎಕ್ಸ್ ಫೈಲ್‌ಗಳ ಒಂದು ಡಿಸ್ಕ್ ಅರಸೀಕೆರೆಯಲ್ಲಿ, ಒಂದು ನನ್ನ ಹತ್ತಿರ. ಶಾಟ್‌ಗಳ ಪಟ್ಟಿ ಮತ್ತು 63 ಜಾಯಿಂಟ್‌ಗಳ ಲೆಕ್ಕವನ್ನು ಕಾಗದದಲ್ಲೂ ಬರೆದು ಡಬ್ಬದೊಳಗೆ ಹಾಕಿದ್ದೇನೆ.

ಬೇರೆ ಪ್ರಿಂಟ್ ಸಿಕ್ಕರೆ ಬದಲಾಯಿಸಬಹುದು ಅಂತ, ಹಾಡಿನ ಆ 41 ಸೆಕೆಂಡಿನ ಜಾಗವನ್ನು ಟೈಮ್‌ಲೈನ್‌ನಲ್ಲಿ ಬೇರೆ ಲೇಯರ್ ಆಗಿಯೇ ಬಿಟ್ಟಿದ್ದೇನೆ. ನಿಮ್ಮ ಕಡೆಯ ಹಳೇ ಟಾಕೀಸ್‌ನ ಗೋದಾಮಿನಲ್ಲಿ 1976ರ ಸುಮಾರಿನ ಕಪ್ಪು ಬಿಳುಪು ಪ್ರಿಂಟ್‌ಗಳೇನಾದರೂ ಇದ್ದರೆ, ಡಬ್ಬದ ಮೇಲಿನ ಚೀಟಿ ಓದಿ ಹೇಳಿ. ಚೀಟಿ ಇಲ್ಲದಿದ್ದರೆ ಮೊದಲ ಹತ್ತು ಅಡಿ ಬಿಚ್ಚಿ ಸೆನ್ಸಾರ್ ಸರ್ಟಿಫಿಕೇಟ್‌ನ ಫೋಟೋ ತೆಗೆಯಿರಿ. 3,069 ಮೀಟರ್ ಅಂತ ಇದ್ದರೆ ಆ ರಾತ್ರಿಯೇ ಬಸ್ ಹತ್ತುತ್ತೇನೆ.